ಅಜಂತಾದ ಹಡಗಿಗೆ ಗಾಳಿಯ ಲೆಕ್ಕ

ಛತ್ರಪತಿ ಸಂಭಾಜಿನಗರ ಜಿಲ್ಲೆಯ ಅಜಂತಾಕ್ಕೂ ಕಡಲಿಗೂ ನೂರಾರು ಕಿಲೋಮೀಟರ್ ದೂರ. ಆದರೂ ಅಲ್ಲಿನ ಎರಡನೇ ಗುಹೆಯ ಗೋಡೆಯಲ್ಲಿ ಹಾಯಿ ಬಿಚ್ಚಿದ ಹಡಗಿನ ಚಿತ್ರವೊಂದಿದೆ, ಐದನೇ ಶತಮಾನದ್ದು. ಅದನ್ನೇ ಮಾದರಿಯಾಗಿಟ್ಟುಕೊಂಡು ಗೋವಾದ ಹೋಡಿ ಇನ್ನೊವೇಷನ್ಸ್ ಕಂಪನಿಯಲ್ಲಿ ಕೇರಳದ ಹಡಗುಕಟ್ಟುಗ ಬಾಬು ಶಂಕರನ್ ಮತ್ತು ಸಂಗಡಿಗರು ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದು ಕಟ್ಟಿದ್ದು ‘ಐಎನ್‌ಎಸ್‌ವಿ ಕೌಂಡಿನ್ಯ’. 2025ರ ಮೇ 21ರಂದು ಕಾರವಾರದಲ್ಲಿ ನೌಕಾಪಡೆ ಸೇರಿತು. ಹಾಯಿಯ ಮೇಲೆ ಗಂಡಭೇರುಂಡವಿದೆ, ಕನ್ನಡಿಗರಿಗೆ ಅದರ ಗುರುತು ಹೇಳಬೇಕಿಲ್ಲ.

ಚಿತ್ರಕಾರ ರೂಪವನ್ನಷ್ಟೇ ಕೊಟ್ಟ, ನಕ್ಷೆಯನ್ನಲ್ಲ. ಹಾಯಿಕಂಬ ಎಷ್ಟು ದಪ್ಪವಿರಬೇಕು? ಒರಟು ಲೆಕ್ಕದಲ್ಲಿ, ಸೆಕೆಂಡಿಗೆ 10 ಮೀಟರ್ ವೇಗದ ಗಾಳಿ ಹಾಯಿಯ ಪ್ರತಿ ಚದರ ಮೀಟರನ್ನು ಸುಮಾರು 6 ಕಿಲೋ ಭಾರದಷ್ಟು ಒತ್ತುತ್ತದೆ. ಗಾಳಿಯ ವೇಗ ಇಮ್ಮಡಿಯಾದರೆ ಒತ್ತಡ ನಾಲ್ಮಡಿ. ಅದೆಲ್ಲ ಕಂಬಕ್ಕೆ, ಅದನ್ನು ಬಿಗಿದ ಹಗ್ಗಗಳಿಗೆ, ಕೊನೆಗೆ ಹಡಗಿನ ಒಡಲಿಗೆ ಇಳಿಯಬೇಕು.

ಕಂಬದ ಬಲವನ್ನು ನೌಕಾಪಡೆಯೇ ಪರಿಶೀಲಿಸಿತು. ನೀರಿನಲ್ಲಿ ಒಡಲಿನ ನಡೆಯನ್ನು ಮದ್ರಾಸ್ ಐಐಟಿಯ ಸಾಗರ ಎಂಜಿನಿಯರಿಂಗ್ ವಿಭಾಗ ಪುಟ್ಟ ಮಾದರಿಯಿಂದ ಪರೀಕ್ಷಿಸಿತು. ಇದರ ಹಿಂದಿರುವುದು 19ನೇ ಶತಮಾನದ ಎಂಜಿನಿಯರ್ ವಿಲಿಯಂ ಫ್ರೂಡ್ ಕಂಡುಕೊಂಡ ನಿಯಮ. ಉದಾಹರಣೆಗೆ, ಹಡಗಿನ ಒಂಬತ್ತನೇ ಒಂದು ಉದ್ದದ ಮಾದರಿಯನ್ನು ಹಡಗಿನ ಮೂರನೇ ಒಂದು ವೇಗದಲ್ಲಿ ಎಳೆದರೆ ಅಲೆಗಳು ಅದೇ ಆಕಾರದಲ್ಲಿ ಏಳುತ್ತವೆ. ಅಲೆಯ ತಡೆಯನ್ನು 729ರಿಂದ ಗುಣಿಸಿದರೆ ನಿಜ ಹಡಗಿನದು ಸಿಕ್ಕಿತು. ನೀರಿನ ಘರ್ಷಣೆ ಮಾತ್ರ ಈ ನಿಯಮಕ್ಕೆ ಬಗ್ಗದು, ಅದರ ಲೆಕ್ಕ ಬೇರೆ.

ಇನ್ನು ಈ ಬಲಗಳನ್ನು ಕಡಲಿನಲ್ಲಿ ಅಳೆಯುವುದು. ಇಂದಿನ ಪಂದ್ಯದ ಹಾಯಿದೋಣಿಗಳಲ್ಲಿ ಕಂಬವನ್ನು ಹಿಡಿದ ತಂತಿಗಳಿಗೆ ಎಳೆತ ಅಳೆಯುವ ಲೋಡ್ ಸೆಲ್, ಒಡಲಿಗೆ ಸ್ಟ್ರೇನ್ ಗೇಜ್ ಅಂಟಿಸುತ್ತಾರೆ. ಗೇಜ್ ಎಂದರೆ ತೆಳು ಲೋಹದ ಪಟ್ಟಿ. ಅದು ಕೂದಲೆಳೆಯಷ್ಟು ಹಿಗ್ಗಿದರೂ ವಿದ್ಯುತ್ ರೋಧ ಬದಲಾಗುತ್ತದೆ. ಗಾಳಿ, ವೇಗ, ವಾಲಿಕೆಯನ್ನು ಅದೇ ಕ್ಷಣಕ್ಕೆ ದಾಖಲಿಸಿದರೆ ಮಾತ್ರ ಆ ಅಂಕಿಗೆ ಅರ್ಥ.

ಹೊಲಿದ ಹಡಗಿನಲ್ಲಿ ಇದು ಸುಲಭವಲ್ಲ. ಅಲೆಯ ಮೇಲೇರಿದಾಗ ಹಲಗೆಗಳು ಒಂದಿಷ್ಟು ಸರಿದಾಡಿ ಪೆಟ್ಟನ್ನು ಹಂಚಿಕೊಳ್ಳುತ್ತವೆ. ಹಲಗೆಗೆ ಅಂಟಿಸಿದ ಗೇಜ್ ಹಲಗೆಯ ಸುದ್ದಿ ಹೇಳೀತು, ಹೊಲಿಗೆಯದನ್ನಲ್ಲ. ಸಾಲದ್ದಕ್ಕೆ, ನೀರು ಕುಡಿದ ಮರ ತಾನಾಗಿಯೇ ಉಬ್ಬಿ ಗೇಜಿನ ಅಂಕಿಯನ್ನು ಕೆಡಿಸುತ್ತದೆ.

2025ರ ಡಿಸೆಂಬರ್ 29ರಂದು ಪೋರಬಂದರಿನಿಂದ ಹೊರಟ ಕೌಂಡಿನ್ಯ 2026ರ ಜನವರಿ 14ರಂದು ಮಸ್ಕತ್ ತಲುಪಿತು. ಹೊಲಿಗೆ ತಾಳಿತು ಎನ್ನುವುದಕ್ಕೆ ಇದು ಸಾಕ್ಷಿ. ಇನ್ನೆಷ್ಟು ತಾಳೀತು ಎನ್ನುವುದನ್ನು ಅಳತೆಯೇ ಹೇಳಬೇಕು.