ಕಲ್ಲಿನ ಬರಹ, ಜ್ಞಾನಸ್ನಾನದ ಪುಸ್ತಕ

ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯ ಪೂರ್ವವೃತ್ತಾಂತವನ್ನು ಅರಿಯಬಯಸುವವರು ತಪ್ಪದೆ ನೋಡಬೇಕಾದ ಗ್ರಂಥವೊಂದಿದೆ. ಬಿ. ಎಲ್. ರೈಸ್ ಅವರು 1904ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 12ನೆಯ ಸಂಪುಟವೇ ಅದು. ಬೆಂಗಳೂರಿನಲ್ಲಿಯೇ ಜನಿಸಿ, ಮೈಸೂರು ಸಂಸ್ಥಾನದ ಪುರಾತತ್ತ್ವ ಇಲಾಖೆಯನ್ನು ನಡೆಸಿದ ಅವರು ಈ ಜಿಲ್ಲೆಯ ಶಾಸನಗಳನ್ನು ತಾಲ್ಲೂಕುವಾರು ವಿಂಗಡಿಸಿ, ಮೂಲಪಾಠವನ್ನೂ ಇಂಗ್ಲಿಷ್ ಅನುವಾದವನ್ನೂ ಅದರಲ್ಲಿ ಕೊಟ್ಟಿದ್ದಾರೆ. ಕಲ್ಲು ಒಡೆದರೂ ಅದರ ಮಾತು ಉಳಿಯುವಂತಾಯಿತು.

ಆ ಸಂಪುಟದ ಗುಬ್ಬಿ ತಾಲ್ಲೂಕಿನ ಭಾಗದಲ್ಲಿ ಕಡಬದ ತಾಮ್ರಶಾಸನವಿದೆ. ಶಕವರ್ಷ 735ರ ಕಾಲವನ್ನು ಹೇಳುವ ಅದು, ರಾಷ್ಟ್ರಕೂಟರ ಮೂರನೆಯ ಗೋವಿಂದನು ಅರ್ಕಕೀರ್ತಿಯೆಂಬ ಜೈನಮುನಿಗೆ ಗ್ರಾಮದಾನ ಮಾಡಿದ ಸಂಗತಿಯನ್ನು ತಿಳಿಸುತ್ತದೆ. ಶಾಸನಗಳು ದೊರೆಗಳನ್ನು, ದಾನಿಗಳನ್ನು, ಕಾದಿ ಮಡಿದ ವೀರರನ್ನು ನೆನೆಯುತ್ತವೆ. ಹೊಲ ಉತ್ತವರ, ಬಟ್ಟೆ ನೇಯ್ದವರ ಹೆಸರು ಅವುಗಳಲ್ಲಿ ಕಾಣುವುದು ಅಪೂರ್ವ.

ಕಲ್ಲಿನ ತರುವಾಯ ಕಾಗದ ಬಂತು. 1837ರಲ್ಲಿ ವೆಸ್ಲಿಯನ್ ಮಿಷನ್ ಗುಬ್ಬಿಯಲ್ಲಿ ನೆಲೆಯೂರಿತು. ಅಲ್ಲಿ ಸೇವೆ ಸಲ್ಲಿಸಿದ ವಿಲಿಯಂ ಆರ್ಥರ್ ಅವರು 1847ರಲ್ಲಿ ‘ಎ ಮಿಷನ್ ಟು ದಿ ಮೈಸೂರ್’ ಎಂಬ ಪುಸ್ತಕ ಹೊರತಂದರು. ಅವರು ನಮ್ಮ ಧರ್ಮಸಭೆಯವರಲ್ಲ. ಆದರೂ ಅಂದಿನ ಗುಬ್ಬಿಯನ್ನು ತಿಳಿಯಲು ಆ ಬರಹ ನಮಗೂ ಆಧಾರ.

ಬಳಿಕ ಜನಗಣತಿ ಬಂತು. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರಲ್ಲಿ 50,55,412, 1881ರಲ್ಲಿ 41,86,188. ನಡುವೆ 1876–78ರ ಭೀಕರ ಕ್ಷಾಮ ಹಾದುಹೋಗಿತ್ತು. ಎಷ್ಟು ಮಂದಿ ಕಡಿಮೆಯಾದರೆಂದು ಗಣತಿ ಹೇಳುತ್ತದೆ. ಅವರು ಯಾರೆಂದು ಹೇಳುವುದಿಲ್ಲ.

ಹೆಸರನ್ನು ಕಾಯುವ ಕೆಲಸ ನಮ್ಮ ಧರ್ಮಕೇಂದ್ರಗಳ ಪುಸ್ತಕಗಳದು. ವಿವಾಹಗಳ ಪುಸ್ತಕವನ್ನು ಗುರುಗಳು ಜೋಪಾನವಾಗಿ ಇಡಬೇಕೆಂದು ಟ್ರೆಂಟ್ ಮಹಾಸಭೆಯು 1563ರಲ್ಲಿಯೇ ವಿಧಿಸಿತು. 1983ರ ಧರ್ಮಸಭಾ ಕಾನೂನಿನ 535ನೆಯ ವಿಧಿಯಂತೆ ಪ್ರತಿ ಧರ್ಮಕೇಂದ್ರದಲ್ಲಿಯೂ ಜ್ಞಾನಸ್ನಾನ, ವಿವಾಹ, ಮರಣಗಳ ಪುಸ್ತಕಗಳೂ ದಾಖಲೆಗಳ ಭಂಡಾರವೂ ಇರಬೇಕು. ಹಳೆಯ ಪುಸ್ತಕಗಳನ್ನೂ ಎಚ್ಚರದಿಂದ ಕಾಪಾಡಬೇಕು. ಜನನ–ಮರಣ ನೋಂದಣಿಯ ಕೇಂದ್ರ ಕಾಯಿದೆ ಬಂದದ್ದು 1969ರಲ್ಲಿ. ಅದಕ್ಕೆ ಮುಂಚೆ ಹುಟ್ಟಿದ ಎಷ್ಟೋ ಹಿರಿಯರಿಗೆ ಜ್ಞಾನಸ್ನಾನದ ಪುಟವೇ ಹುಟ್ಟಿನ ಸಾಕ್ಷಿ. ಆ ಪುಟದಲ್ಲಿ ಕೂಲಿಯಾಳಿನ ಮಗುವಿಗೂ ಅಧಿಕಾರಿಯ ಮಗುವಿಗೂ ಸಮನಾದ ಸಾಲು.

ಆದರೆ ಕಾಗದಕ್ಕೆ ಗೆದ್ದಲು, ಮಳೆಗಾಲದ ತೇವ, ಅಲಕ್ಷ್ಯ ಎಂಬ ಮೂರು ಶತ್ರುಗಳು. ಶಾಸನ ಸವೆಯಲು ಶತಮಾನಗಳು ಬೇಕು. ಪುಸ್ತಕ ಹಾಳಾಗಲು ಸೋರುವ ಮಾಡಿನಡಿ ಒಂದು ಮಳೆಗಾಲ ಸಾಕು. ಹೋದ ಪುಟಕ್ಕೆ ನಕಲಿಲ್ಲದಿದ್ದರೆ ಆ ಹೆಸರುಗಳು ಮರಳಿ ಬಾರವು.

ಆದುದರಿಂದ ಓದುಗ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟು. ಹಳೆಯ ಪುಸ್ತಕಗಳನ್ನು ನೆಲದಿಂದ ಮೇಲೆ, ಗಾಳಿಯಾಡುವ ಒಣ ಬೀರುವಿನಲ್ಲಿ ಇಡಲು ಗುರುಗಳೊಡನೆ ಕೈಜೋಡಿಸೋಣ. ಹರಿದ ಹಾಳೆಗೆ ಅಂಟುಪಟ್ಟಿ ಹಚ್ಚದಿರೋಣ. ಅದರ ಅಂಟೇ ಕಾಗದವನ್ನು ಕೆಡಿಸುತ್ತದೆ. ಗುರುಗಳ ಅನುಮತಿ ಪಡೆದು ಪುಟಗಳ ಛಾಯಾಪ್ರತಿ ತೆಗೆಸಿ ಬೇರೆಡೆ ಇರಿಸೋಣ. ಮನೆಯಲ್ಲಿರುವ ಮದುವೆಯ, ಹೊಸ ಪರಮಪ್ರಸಾದದ ಹಳೆಯ ಚಿತ್ರಗಳ ಹಿಂಬದಿಯಲ್ಲಿ ಹೆಸರು, ಊರು, ವರ್ಷಗಳನ್ನು ಮೆತ್ತಗೆ ಸೀಸದಕಡ್ಡಿಯಿಂದ ಬರೆಯೋಣ. ಚಿತ್ರದಲ್ಲಿರುವವರನ್ನು ಗುರುತಿಸಬಲ್ಲ ಅಜ್ಜಿ ತಾತಂದಿರು ನಮ್ಮೊಡನಿರುವಾಗಲೇ ಈ ಕೆಲಸ ಆಗಬೇಕು.