ಜೀಪು ಎದ್ದಿತು, ಹೌಸಿಂಗ್ ಏಳಲಿಲ್ಲ

ಕಳೆದ ಮಳೆಗಾಲದ ಒಂದು ರಾತ್ರಿ ಅಜ್ಜಿಗೆ ಉಸಿರು ಸಿಕ್ಕದಂತಾಯಿತು. ನಮ್ಮೂರು ಶಿಕಾರಿಪುರ, ಸೊರಬ ಎರಡಕ್ಕೂ ಗಡಿ. ಎತ್ತ ಹೋಗಬೇಕೆಂದರೂ ಮೊದಲು ಗದ್ದೆ ಬದುವಿನ ಮಣ್ಣುದಾರಿ ದಾಟಬೇಕು. ಟ್ರ್ಯಾಕ್ಟರ್ ಓಡಾಡಿ ಅಲ್ಲಿ ಎರಡು ಕಡೆ ಕಾಲುವೆ, ನಡುವೆ ದಿಬ್ಬ. ಅಪ್ಪನ ಹಳೆಯ ಮಹೀಂದ್ರಾ ಜೀಪಿನ ಹಿಂದಿನ ಹೌಸಿಂಗ್ ಆ ದಿಬ್ಬಕ್ಕೆ ತಾಗಿ ಕೂತೇಬಿಟ್ಟಿತು. ಪಕ್ಕದ ಮನೆಯವರನ್ನು ಎಬ್ಬಿಸಿ ಟ್ರ್ಯಾಕ್ಟರ್ ತರಿಸಿ ಎಳೆಯುವಷ್ಟರಲ್ಲಿ ಮುಕ್ಕಾಲು ಗಂಟೆ. ಅಷ್ಟೂ ಹೊತ್ತು ಅಜ್ಜಿಯ ತಲೆ ನನ್ನ ತೊಡೆಯ ಮೇಲಿತ್ತು.

ಅಜ್ಜಿ ಗುಣವಾಗಿ ಬಂದಳು. ನನ್ನ ತಲೆಗೆ ಮಾತ್ರ ಹುಳ ಹೊಕ್ಕಿತು: ಜೀಪನ್ನು ಎತ್ತರಿಸಬೇಕು.

ಜೀಪೆಂದರೆ ಫೋರ್ ವೀಲ್ ಎಂದೇ ಹಲವರ ಭಾವನೆ. ನಮ್ಮದು ಹಿಂದಿನ ಎರಡೇ ಚಕ್ರ ಎಳೆಯುವ ಗಾಡಿ. 2023ರಲ್ಲಿ ಥಾರ್ ಕೂಡ ಹಿಂಚಕ್ರ ಚಾಲನೆಯಲ್ಲಿ ಬಂದ ಮೇಲೆ ನನ್ನ ಗೆಳೆಯರಿಗೂ ಅದು ಅವಮಾನ ಅನಿಸುತ್ತಿಲ್ಲ! ನಾಲ್ಕೂ ಕಡೆ ಕಮಾನು ಪಟ್ಟಿ. ಅದರ ಒಂದು ತುದಿ ಚಾಸಿಗೆ ಪಿನ್ನಿನಲ್ಲಿ ಕೂತಿದೆ, ಇನ್ನೊಂದು ಶಾಕಲ್ ಎಂಬ ತೂಗುಕೊಂಡಿಯಲ್ಲಿ. ಶಾಕಲ್ ಉದ್ದ ಮಾಡಿದರೆ ಗಾಡಿ ಏಳುತ್ತದೆ. ಶಿರಾಳಕೊಪ್ಪದ ಗ್ಯಾರೇಜೊಂದರಲ್ಲಿ ಎರಡು ಇಂಚು ಉದ್ದದವನ್ನು ಹಾಕಿಸಿದೆ.

ಟೇಪು ಹಿಡಿದರೆ ಎದ್ದದ್ದು ಒಂದೇ ಇಂಚು! ಮೆಕ್ಯಾನಿಕ್ ಮೀಸೆಯಲ್ಲೇ ನಕ್ಕ. ಒಂದು ತುದಿ ಮಾತ್ರ ಎರಡು ಇಂಚು ಸರಿದರೆ ನಡುವಿನಲ್ಲಿರುವ ಆಕ್ಸಲ್‌ಗೆ ದಕ್ಕುವುದು ಅರ್ಧ. ಪಿಯುಸಿ ಹುಡುಗನೂ ಹೇಳುವ ಲೆಕ್ಕ. ಐದನೇ ಸೆಮಿಸ್ಟರ್ ಮೆಕ್ಯಾನಿಕಲ್‌ನವನಿಗೆ ಹೊಳೆದಿರಲಿಲ್ಲ.

ಅದಕ್ಕಿಂತ ದೊಡ್ಡ ಪೆಟ್ಟು ಹೌಸಿಂಗ್‌ನದು. ಅದರ ಕೆಳಗೆ ಅಳೆದೆ. ಮೊದಲು ಎಷ್ಟಿತ್ತೋ ಅಷ್ಟೇ. ಸ್ಪ್ರಿಂಗ್ ಎತ್ತುವುದು ಚಾಸಿಯನ್ನು ಮತ್ತು ಅದರ ಮೇಲಿನದನ್ನು. ಆಕ್ಸಲ್ ನಿಂತಿರುವುದು ಟಯರಿನ ಮೇಲೆ. ಅದನ್ನು ಏರಿಸಬೇಕಾದರೆ ಟಯರೇ ದೊಡ್ಡದಾಗಬೇಕು, ಅದೂ ಹೆಚ್ಚಿದ ವ್ಯಾಸದ ಅರ್ಧ ಮಾತ್ರ ಸಿಗುತ್ತದೆ. ಅಂದರೆ ಆ ರಾತ್ರಿಯ ದಿಬ್ಬಕ್ಕೆ ಜೀಪು ಈಗಲೂ ಹಾಗೇ ತಾಗುತ್ತದೆ.

ಮತ್ತೆ ಶಿರಾಳಕೊಪ್ಪ ರಸ್ತೆಯಲ್ಲಿ ವೇಗ ಐವತ್ತು ದಾಟಿದ್ದೇ ತಡ, ಸ್ಟೀರಿಂಗ್ ಅತ್ತಿತ್ತ ಅಲೆಯತೊಡಗಿತು. ನಮ್ಮ ಜೀಪಿನ ಮುಂದಿನ ಶಾಕಲ್ ಪಟ್ಟಿಯ ಮುಂತುದಿಯಲ್ಲಿದೆ. ಅದು ಉದ್ದವಾದಾಗ ಆಕ್ಸಲ್ ಮುಂದಕ್ಕೆ ಬಾಗಿ ಕ್ಯಾಸ್ಟರ್ ಕೋನ ಕಡಿಮೆಯಾಗುತ್ತದೆ. ತಿರುವಿನ ನಂತರ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುವುದು ಈ ಕೋನದಿಂದ. ಪುಸ್ತಕದಲ್ಲಿ ಎರಡು ಅಂಕದ ಪ್ರಶ್ನೆ. ಎದುರಿಗೆ ಬಸ್ಸು ಬರುವಾಗ ಅಂಗೈ ಬೆವರಿಸುವ ವಿಷಯ. ಓರೆ ಬಿಲ್ಲೆ ಕೊಟ್ಟು ಸರಿಪಡಿಸಬಹುದು. ಬ್ರೇಕ್ ಹೋಸ್ ಸಾಲುತ್ತದೆಯೇ, ಪ್ರೊಪೆಲ್ಲರ್ ಶಾಫ್ಟಿನ ಕೋನ ಎಷ್ಟಾಯಿತು ಎಂದೂ ನೋಡಬೇಕು.

ಆಮೇಲೆ ಕಾನೂನು ಓದಿದೆ. ಮೊದಲೇ ಓದಬೇಕಿತ್ತು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಯಾರಕರು ಕೊಟ್ಟ ಮೂಲ ವಿವರಗಳಿಗೆ ಹೊಂದದ ಮಾರ್ಪಾಡನ್ನು ಒಪ್ಪುವುದಿಲ್ಲ. 2019ರ ತಿದ್ದುಪಡಿಯ ಪ್ರಕಾರ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೂ ಐದು ಸಾವಿರ ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಅಪ್ಪನಿಗೆ ಹೇಳಲು ಎರಡು ದಿನ ಬೇಕಾಯಿತು. ಅಪ್ಪ ಬೈಯಲಿಲ್ಲ. "ದಿಬ್ಬ ತಗ್ಗಿಸೋದು ಬಿಟ್ಟು ಗಾಡಿ ಎತ್ತೋಕೆ ಹೋಗಿದೀಯಲ್ಲೋ" ಎಂದು ಎಲೆ ಅಡಿಕೆ ತೆಗೆದ.

ಹಳೆಯ ಶಾಕಲ್‌ಗಳೇ ವಾಪಸ್ ಬಂದವು. ಹಿಂದಕ್ಕೆ ಮಾತ್ರ ಕಚ್ಚು ಇರುವ ಹೊಸ ಟಯರ್ ಹಾಕಿಸಿದೆವು, ಅದೇ ಅಳತೆಯವು. ಎರಡು ಚಕ್ರದ ಗಾಡಿಗೆ ಎಳೆಯುವ ಚಕ್ರದ ಮೇಲೆ ಭಾರವೂ ಬೇಕು. ಹಾಗಾಗಿ ಮಳೆಗಾಲದಲ್ಲಿ ಹಿಂದೆ ಎರಡು ಮೂಟೆ ಮರಳು ಕಾಯಂ.

ಮೊನ್ನೆ ಭಾನುವಾರ ಅಕ್ಕಪಕ್ಕದ ನಾಲ್ಕು ಮನೆಯವರು ಸೇರಿ ದಿಬ್ಬ ಕೆತ್ತಿ, ಕಾಲುವೆಗೆ ಜಂಬಿಟ್ಟಿಗೆ ಚೂರು ತುಂಬಿದೆವು. ಅಜ್ಜಿ ಬುಟ್ಟಿ ಹಿಡಿದು ಬಂದು ಬದುವಿನ ಮೇಲೆ ಕೂತಳು. ಮೇಲುಸ್ತುವಾರಿಯಂತೆ.