ಸೈಕಲ್ಲಿನ ಅಚ್ಚು ಮತ್ತು ಕ್ರ್ಯಾಂಕು: ಯಾವುದಕ್ಕೆ ಯಾವುದು ಹೊಂದುತ್ತದೆ?

ಸೈಕಲ್ ಸವಾರನ ಕಾಲಿನ ಬಲವು ಹಿಂದಿನ ಚಕ್ರವನ್ನು ಮುಟ್ಟುವ ಮೊದಲು ಗೇಣುದ್ದವೂ ಇಲ್ಲದ ಒಂದು ಅಚ್ಚಿನ ಬಳಿಗೆ ಬರಬೇಕು. ಎರಡು ಕ್ರ್ಯಾಂಕುಗಳನ್ನು ಕೂಡಿಸುವ ಈ ಅಚ್ಚು, ಅದನ್ನು ಹೊರುವ ಬೇರಿಂಗುಗಳು, ಬೇರಿಂಗುಗಳನ್ನು ಹಿಡಿಯುವ ಬಟ್ಟಲುಗಳು, ಇವಿಷ್ಟರ ಸಮೂಹಕ್ಕೆ ಬಾಟಮ್ ಬ್ರ್ಯಾಕೆಟ್ ಎಂದು ಹೆಸರು. ನಮ್ಮ ಅಂಗಡಿಗಳಲ್ಲಿ ಇದನ್ನು ಸಂಕ್ಷೇಪವಾಗಿ ಬಿ.ಬಿ. ಎನ್ನುವರು. ಹಾಲಿನವರು, ಅಂಚೆಯವರು ಬಳಸುತ್ತ ಬಂದಿರುವ ಸಾಮಾನ್ಯ ಸೈಕಲ್ಲಿನಲ್ಲಿ ಈ ವಿಷಯಕ್ಕೆ ತೊಡಕೇ ಇಲ್ಲ. ಉಕ್ಕಿನ ಅಚ್ಚು, ಪಕ್ಕಕ್ಕೆ ಹನ್ನೊಂದರಂತೆ ಕಾಲಂಗುಲದ ಗುಂಡುಗಳು, ಕ್ರ್ಯಾಂಕನ್ನು ಬಿಗಿಯಲು ಒಂದೊಂದು ಕಾಟರ್ ಪಿನ್ನು. ಸವೆದರೆ ಬದಲಾಯಿಸುವುದು, ಅಷ್ಟೆ. ಪಂದ್ಯದ ಸೈಕಲ್ಲಿನ ಮಾತು ಬೇರೆ. ವಿಜಯಪುರ, ಬಾಗಲಕೋಟೆಗಳ ಕಡೆ ಸೈಕಲ್ ಸ್ಪರ್ಧೆಗೆ ಸಿದ್ಧರಾಗುತ್ತಿರುವ ತರುಣನೊಬ್ಬನು ಕೂಡಿಟ್ಟ ಹಣದಿಂದ ಹಗುರವಾದ ಹೊಸ ಕ್ರ್ಯಾಂಕನ್ನು ಕೊಂಡು ತಂದನೆನ್ನಿ. ಅದು ಅವನ ಚೌಕಟ್ಟಿಗೆ ಹೊಂದದಿದ್ದರೆ ಹಣ ಹೋಯಿತು; ಬಲವಂತವಾಗಿ ಹೊಂದಿಸಲು ಹೊರಟರೆ ಚೌಕಟ್ಟೂ ಹೋಯಿತು. ಆದಕಾರಣ ಕೊಳ್ಳುವ ಮೊದಲು ಯಾವ ಅಳತೆ ಯಾವುದನ್ನು ನಿರ್ಣಯಿಸುತ್ತದೆ ಎಂಬುದನ್ನು ನಾವು ಪರಿಶೀಲಿಸೋಣ.

ಎಲ್ಲಕ್ಕೂ ಮೊದಲು ನೋಡತಕ್ಕದ್ದು ಕ್ರ್ಯಾಂಕನ್ನಲ್ಲ, ಚೌಕಟ್ಟಿನ ಕೊಳವೆಯನ್ನು. ಕ್ರ್ಯಾಂಕನ್ನು ಮತ್ತೆ ಕೊಳ್ಳಬಹುದು. ಕೊಳವೆಯ ಅಳತೆ ಚೌಕಟ್ಟು ಹುಟ್ಟಿದಾಗಲೇ ನಿಶ್ಚಯವಾಗಿಹೋಗಿರುತ್ತದೆ. ಹೆಚ್ಚಾಗಿ ಕಾಣುವುದು ಇಂಗ್ಲಿಷ್ ಪದ್ಧತಿಯ ಕೊಳವೆ. ಅದರ ಅಗಲ 68 ಮಿ.ಮೀ.; ತಿರುಪಿನ ವ್ಯಾಸ 1.37 ಅಂಗುಲ, ಅಂಗುಲಕ್ಕೆ 24 ಸುತ್ತು. ಇಟಲಿಯ ಚೌಕಟ್ಟುಗಳಲ್ಲಿ ಅಗಲ 70 ಮಿ.ಮೀ., ವ್ಯಾಸ 36 ಮಿ.ಮೀ. ಇಂಗ್ಲಿಷ್ ಪದ್ಧತಿಯಲ್ಲಿ ಎಡಗಡೆಯ ಬಟ್ಟಲಿಗೆ ಸಾಮಾನ್ಯವಾದ ಬಲತಿರುಪು, ಬಲಗಡೆಯದಕ್ಕೆ ಎಡತಿರುಪು. ಇಟಲಿಯದರಲ್ಲಿ ಎರಡೂ ಬಲತಿರುಪೇ. ಇದನ್ನರಿಯದೆ ಉದ್ದನೆಯ ಪಾನಾ ಹಿಡಿದು ತಪ್ಪು ದಿಕ್ಕಿಗೆ ಜಗ್ಗಿದರೆ ಬಟ್ಟಲು ಸಡಿಲವಾಗುವ ಬದಲು ಇನ್ನೂ ಬಿಗಿದುಕೊಂಡು ಕೊಳವೆಯ ತಿರುಪನ್ನೇ ಕೆಡಿಸೀತು.

ಬಲಗಡೆಗೆ ಎಡತಿರುಪೇಕೆ? ಭೌತವಿಜ್ಞಾನದ ವಿದ್ಯಾರ್ಥಿ ಇಲ್ಲಿ ಸ್ವಲ್ಪ ನಿಲ್ಲಬೇಕು. ಬಲಗಡೆಯಿಂದ ನೋಡುವವನಿಗೆ ಅಚ್ಚು ಪ್ರದಕ್ಷಿಣವಾಗಿ ಸುತ್ತುತ್ತದೆ. ಬೇರಿಂಗಿನ ಘರ್ಷಣೆ ಬಟ್ಟಲನ್ನು ಅದೇ ದಿಕ್ಕಿಗೆ ಎಳೆಯುವುದರಿಂದ ಬಲತಿರುಪೇ ತಾನಾಗಿ ಬಿಗಿಯಾಗುತ್ತ ಹೋಗಬೇಕಲ್ಲವೆ? ತರ್ಕವೇನೋ ಸರಿ, ಆದರೆ ಗುಂಡುಗಳ ಘರ್ಷಣೆ ಅತ್ಯಲ್ಪ. ಅದನ್ನು ಮೀರಿಸುವ ಬೇರೊಂದು ಕ್ರಿಯೆ ಅಲ್ಲಿ ನಡೆಯುತ್ತಿರುತ್ತದೆ. ಒಂದು ಬಳೆಯನ್ನು ಮೇಜಿನ ಮೇಲೆ ಅಲುಗದಂತೆ ಹಿಡಿದು, ಅದರೊಳಗೆ ತುಸು ಚಿಕ್ಕದಾದ ಇನ್ನೊಂದು ಬಳೆಯನ್ನಿಡಿ. ನಯವಾದ ಪೆನ್ಸಿಲಿನಿಂದ ಒಳಬಳೆಯನ್ನು ಹೊರಬಳೆಯ ಅಂಚಿಗೆ ಒತ್ತುತ್ತ, ಒತ್ತುವ ಸ್ಥಾನವನ್ನು ಪ್ರದಕ್ಷಿಣವಾಗಿ ಸಾಗಿಸಿ. ಒಳಬಳೆ ಅಪ್ರದಕ್ಷಿಣವಾಗಿ ಉರುಳುವುದು ಕಾಣುತ್ತದೆ. ಬಟ್ಟಲೇ ಒಳಬಳೆ, ಕೊಳವೆಯೇ ಹೊರಬಳೆ. ಇವುಗಳ ನಡುವೆ ವ್ಯಾಸದಲ್ಲಿ 0.1 ಮಿ.ಮೀ. ಅಂತರವಿದೆಯೆಂದು ಇಟ್ಟುಕೊಂಡರೆ, ಬಟ್ಟಲಿನ ವ್ಯಾಸ 34.8 ಮಿ.ಮೀ. ಆದ್ದರಿಂದ, ಭಾರವು ಒಂದು ಸುತ್ತು ಸುತ್ತಿದಾಗ ಬಟ್ಟಲು 348ರಲ್ಲಿ ಒಂದು ಪಾಲು ಹಿಂದಕ್ಕೆ ಹೊರಳುತ್ತದೆ. ನಿಮಿಷಕ್ಕೆ 80 ಸುತ್ತು ತುಳಿಯುವವನಿಗೆ ನಾಲ್ಕೂವರೆ ನಿಮಿಷದೊಳಗೆ ಒಂದು ಪೂರ್ಣ ಸುತ್ತಾಯಿತು! ವಾಸ್ತವದಲ್ಲಿ ತುಳಿತದ ಭಾರ ಹೀಗೆ ಒಂದೇ ಸಮನೆ ಸುತ್ತುವುದಿಲ್ಲ, ಬಟ್ಟಲನ್ನು ಬಲವಾಗಿ ಬಿಗಿದಿರುವುದೂ ಉಂಟು. ಆದ್ದರಿಂದ ಇಷ್ಟು ವೇಗ ಕಾಣದು. ಆದರೂ ಪ್ರವೃತ್ತಿ ಆ ಕಡೆಗೇ. ಎಡತಿರುಪಾದರೆ ಆ ಹೊರಳಾಟ ಬಟ್ಟಲನ್ನು ಬಿಗಿಯುತ್ತದೆ. ಇಟಲಿಯ ಚೌಕಟ್ಟಿನ ಬಲಬಟ್ಟಲು ಮೇಲಿಂದ ಮೇಲೆ ಸಡಿಲವಾಗುತ್ತದೆಂಬ ದೂರು ಸೈಕಲ್ ಸವಾರರಲ್ಲಿ ಹಳೆಯದು. ಅದಕ್ಕೆ ಕಾರಣ ಇದೇ. ಪೆಡಲುಗಳಲ್ಲಿ ಇದು ತಿರುಗುಮುರುಗಾಗಿ, ಎಡಪೆಡಲಿಗೆ ಎಡತಿರುಪು ಇರುತ್ತದೆ. ಅಲ್ಲಿ ಭಾರ ಕೆಳಮುಖವಾಗಿ ನಿಂತಿದ್ದು ರಂಧ್ರವೇ ಸುತ್ತುತ್ತದೆ. ಉಳಿದ ತರ್ಕವನ್ನು ವಾಚಕರೇ ಪೂರೈಸಬಲ್ಲರು.

ಎರಡನೆಯ ಪ್ರಶ್ನೆ, ಅಚ್ಚಿಗೂ ಕ್ರ್ಯಾಂಕಿಗೂ ಇರುವ ಸಂಬಂಧ. ಕಾಟರ್ ಪಿನ್ನಿನ ತರುವಾಯ ಬಹುಕಾಲ ಮೆರೆದದ್ದು ಚೌಕತುದಿಯ ಅಚ್ಚು. ಅದರ ನಾಲ್ಕು ಮುಖಗಳೂ ತುದಿಯ ಕಡೆಗೆ 2 ಡಿಗ್ರಿಯಷ್ಟು ಒಳಕ್ಕೆ ವಾಲಿರುತ್ತವೆ; ಕ್ರ್ಯಾಂಕಿನ ಚೌಕರಂಧ್ರ ಅದರ ಮೇಲೆ ಬೆಣೆಯಂತೆ ಬಿಗಿಯುತ್ತದೆ. 2 ಡಿಗ್ರಿಯ ಸ್ಪರ್ಶಕ 0.035. ಅಂದಮೇಲೆ ಕ್ರ್ಯಾಂಕು ಒಂದು ಮಿ.ಮೀ. ಒಳಸರಿದರೆ ಎದುರುಬದುರು ಮುಖಗಳ ಅಂತರ 0.07 ಮಿ.ಮೀ. ಮಾತ್ರ ಬದಲಾಗುತ್ತದೆ. ತಿರುಗಿಸಿ ಹೇಳುವುದಾದರೆ, ರಂಧ್ರದಲ್ಲಿ ಕೂದಲೆಳೆಯಷ್ಟು, ಎಂದರೆ 0.1 ಮಿ.ಮೀ. ವ್ಯತ್ಯಾಸವಾದರೂ ಕ್ರ್ಯಾಂಕು ಸುಮಾರು ಒಂದೂವರೆ ಮಿ.ಮೀ. ಸರಿದು ಕೂರುತ್ತದೆ. ಜಪಾನಿನ ಜೆ.ಐ.ಎಸ್. ಅಳತೆಯೂ ಅಂತರರಾಷ್ಟ್ರೀಯ ಐ.ಎಸ್.ಓ. ಅಳತೆಯೂ ಒಂದೇ ಇಳಿಜಾರಿನವಾದರೂ ಎರಡನೆಯದರ ತುದಿ ಹೆಚ್ಚು ಸಪುರ. ಜಪಾನೀ ಕ್ರ್ಯಾಂಕನ್ನು ಐ.ಎಸ್.ಓ. ಅಚ್ಚಿಗೆ ಏರಿಸಿದರೆ ಅದು ಮಿತಿಮೀರಿ ಒಳಹೋಗಿ, ಬಿಗಿಯುವ ಮೊದಲೇ ತಳಮುಟ್ಟಬಹುದು. ಕಣ್ಣಿಗೆ ಕೂತಂತೆ ಕಂಡರೂ ಸಡಿಲವಾಗಿಯೇ ಇರುವ ಕ್ರ್ಯಾಂಕು ತನ್ನ ರಂಧ್ರವನ್ನು ತಾನೇ ತಿಂದುಕೊಂಡು, ಸವಾರ ಎದ್ದು ನಿಂತು ತುಳಿಯುವಾಗ ಕಳಚಿಬಿದ್ದರೆ ಆಗುವ ಅಪಾಯವನ್ನು ವಿವರಿಸಬೇಕಾಗಿಲ್ಲ.

ಹಾಗಾದರೆ ಈ ಚೌಕತುದಿಯನ್ನು ಬಿಟ್ಟು ದಪ್ಪನೆಯ ಅಚ್ಚುಗಳು ಏಕೆ ಬಂದವು? ಹಲ್ಲುಚಕ್ರವಿರುವುದು ಬಲಗಡೆ. ಬಲಗಾಲಿನ ಬಲ ಕ್ರ್ಯಾಂಕಿನಿಂದ ನೇರವಾಗಿ ಅದಕ್ಕೆ ಸಾಗುತ್ತದೆ. ಎಡಗಾಲಿನ ಬಲವಾದರೋ ಅಚ್ಚನ್ನು ತಿರುಚಿಯೇ ಅತ್ತ ದಾಟಬೇಕು. 60 ಕಿಲೋಗ್ರಾಂ ತೂಕದವನು 170 ಮಿ.ಮೀ. ಉದ್ದದ ಎಡಕ್ರ್ಯಾಂಕಿನ ಮೇಲೆ ನಿಂತರೆ ತಿರುಚುಬಲ ಸುಮಾರು 100 ನ್ಯೂಟನ್-ಮೀಟರು. 17 ಮಿ.ಮೀ. ದಪ್ಪ, 110 ಮಿ.ಮೀ. ಉದ್ದದ ಗಟ್ಟಿ ಉಕ್ಕಿನ ಅಚ್ಚು ಇದರಿಂದ ಸುಮಾರು ಒಂದು ಡಿಗ್ರಿ ತಿರುಚಿಕೊಳ್ಳುತ್ತದೆ. ಪೆಡಲಿನ ಬಳಿ ಅದು ಮೂರು ಮಿ.ಮೀ.ನಷ್ಟು. ತಿರುಚುವಿಕೆಗೆ ಅಚ್ಚು ಒಡ್ಡುವ ಪ್ರತಿರೋಧ ವ್ಯಾಸದ ನಾಲ್ಕನೆಯ ಘಾತವನ್ನು ಅನುಸರಿಸುತ್ತದೆ, ತೂಕವಾದರೆ ಎರಡನೆಯ ಘಾತವನ್ನು. ಇದರಲ್ಲೇ ಉಪಾಯವಿದೆ: ಹೊರವ್ಯಾಸ 24, ಒಳವ್ಯಾಸ 20 ಮಿ.ಮೀ. ಇರುವ ಉಕ್ಕಿನ ಕೊಳವೆಯನ್ನು ಅಚ್ಚಾಗಿಸಿದರೆ ಬಿಗುಪು ಎರಡರಷ್ಟಾಗುತ್ತದೆ, ತೂಕ ಐದರಲ್ಲಿ ಮೂರು ಪಾಲಿಗೆ ಇಳಿಯುತ್ತದೆ!

ಆದರೆ 24 ಮಿ.ಮೀ. ಅಚ್ಚನ್ನು 35 ಮಿ.ಮೀ. ಕೊಳವೆಯಲ್ಲಿ ತೂರಿಸಿದರೆ ಸುತ್ತಲೂ ಉಳಿಯುವ ಸ್ಥಳ ಐದೂವರೆ ಮಿ.ಮೀ. ಮಾತ್ರ. ಬಟ್ಟಲು, ಉಂಗುರಗಳು, ಗುಂಡುಗಳು ಅಷ್ಟರಲ್ಲಿ ಚೆನ್ನಾಗಿ ಹಿಡಿಯಲಾರವು. ಅದಕ್ಕಾಗಿ ಜಪಾನಿನ ಷಿಮಾನೊ ಕಾರ್ಖಾನೆಯವರು ಬೇರಿಂಗುಗಳನ್ನು ಕೊಳವೆಯ ಹೊರಗೇ ಕೂರಿಸಿದರು. ಅಮೆರಿಕದ ಕ್ಯಾನನ್‌ಡೇಲ್ ಸಂಸ್ಥೆ 2000ದಲ್ಲಿ ಮತ್ತೊಂದು ದಾರಿ ಹಿಡಿದು, 30 ಮಿ.ಮೀ. ಅಲ್ಯುಮಿನಿಯಂ ಅಚ್ಚಿಗಾಗಿ ಕೊಳವೆಯನ್ನೇ ಹಿಗ್ಗಿಸಿತು, ಅದೇ ಬಿಬಿ30. ಅನಂತರ ಹುಟ್ಟಿದ ಹೆಸರುಗಳ ಗೊಂಡಾರಣ್ಯವನ್ನು ಕಂಡು ಹೆದರಬೇಕಾದುದಿಲ್ಲ. ಬೇರಿಂಗಿನ ಹೊರವ್ಯಾಸವನ್ನು ಹಿಡಿದು ಹೊರಟರೆ ದಾರಿ ತಾನಾಗಿ ತೆರೆಯುತ್ತದೆ. 24 ಮಿ.ಮೀ. ಅಚ್ಚಿನ ಬೇರಿಂಗಿನ ಹೊರವ್ಯಾಸ 37 ಮಿ.ಮೀ. ಅದನ್ನು ನೇರವಾಗಿ ಚೌಕಟ್ಟಿನಲ್ಲಿ ಒತ್ತಿ ಕೂರಿಸಿದರೆ ಟ್ರೆಕ್ ಕಂಪನಿಯ ಬಿಬಿ90. ಸುತ್ತಲೂ 2 ಮಿ.ಮೀ. ಪ್ಲಾಸ್ಟಿಕ್ ಬಟ್ಟಲು ಸೇರಿಸಿದರೆ 41 ಮಿ.ಮೀ. ರಂಧ್ರದ ಬಿಬಿ86. 30 ಮಿ.ಮೀ. ಅಚ್ಚಿನ ಬೇರಿಂಗು 42 ಮಿ.ಮೀ.: ನೇರವಾಗಿ ಕೂತರೆ ಬಿಬಿ30, ಪ್ಲಾಸ್ಟಿಕ್ ಸೇರಿದರೆ 46 ಮಿ.ಮೀ. ರಂಧ್ರದ ಪಿಎಫ್30. ತಿರುಪಿಲ್ಲದ ಈ ಕೊಳವೆಗಳು ತಯಾರಕನಿಗೆ ಅನುಕೂಲವೇ ಸರಿ. ಆದರೆ ಎರಡು ಪಕ್ಕದ ರಂಧ್ರಗಳು ಒಂದೇ ರೇಖೆಯಲ್ಲಿ ನಿಖರವಾಗಿ ಬಾರದಿದ್ದರೆ ತುಳಿದಾಗಲೆಲ್ಲ ಕಿರುಗುಟ್ಟುವ ಪೀಡೆ ತಪ್ಪದು. ಆಯ್ಕೆ ನಮ್ಮದಾದರೆ ನಾವು ತಿರುಪಿನ ಕೊಳವೆಯನ್ನೇ ಆರಿಸುವೆವು. ಇತ್ತೀಚೆಗೆ ಹಲವು ತಯಾರಕರು 47 ಮಿ.ಮೀ. ತಿರುಪಿನ ಟಿ47 ಕೊಳವೆಯ ಕಡೆಗೆ ಮರಳಿರುವುದೂ ಇದಕ್ಕೆ ಅನುಗುಣವಾಗಿದೆ.

ವ್ಯಾಸ ಹೊಂದಿದರೆ ಸಾಲದು, ಅಗಲವೂ ಹೊಂದಬೇಕು. 68 ಮಿ.ಮೀ. ಕೊಳವೆಗೆ ಹೊರಬಟ್ಟಲುಗಳನ್ನು ತೊಡಿಸಿದರೆ ಒಟ್ಟು ಅಗಲ ಸುಮಾರು 86.5 ಮಿ.ಮೀ.; ಬಿಬಿ86ರ ಕೊಳವೆಯ ಅಗಲವೂ ಅಷ್ಟೇ. ಆದ್ದರಿಂದಲೇ ಒಂದೇ 24 ಮಿ.ಮೀ. ಕ್ರ್ಯಾಂಕು ಎರಡಕ್ಕೂ ಒಗ್ಗುತ್ತದೆ. ಬಿಬಿ30 ಕೊಳವೆಗೂ ತಕ್ಕ ಒಳತೊಡಿಕೆ ಹಾಕಿ ಅದನ್ನು ಕೂರಿಸಬಹುದು. ಇದರ ವಿಲೋಮ ಸತ್ಯವಲ್ಲ: 68 ಮಿ.ಮೀ. ಅಗಲಕ್ಕೆಂದು ಮಾಡಿದ ಗಿಡ್ಡ ಅಚ್ಚಿನ ಬಿಬಿ30 ಕ್ರ್ಯಾಂಕು 86.5 ಮಿ.ಮೀ. ಕೊಳವೆಯ ಆಚೆ ಬದಿಯನ್ನು ಮುಟ್ಟಲಾರದು. ಯಾವ ಚೌಕಟ್ಟಿಗೆ ಹೋಗುವುದೋ ತಿಳಿಯದವನಿಗೆ 24 ಮಿ.ಮೀ. ಕ್ರ್ಯಾಂಕೇ ಕ್ಷೇಮವೆಂಬುದು ಇದರಿಂದ ಸಿದ್ಧ. ಸ್ರಾಮ್ ಕಂಪನಿಯ ಕ್ರ್ಯಾಂಕುಗಳಲ್ಲಿ ಮಾತ್ರ ಎಚ್ಚರ ಬೇಕು. ಅವರ ಜಿಎಕ್ಸ್‌ಪಿ ಅಚ್ಚು ಬಲಕ್ಕೆ 24, ಎಡಕ್ಕೆ 22 ಮಿ.ಮೀ., 2018ರ ಡಬ್ ಅಚ್ಚು 28.99 ಮಿ.ಮೀ. ಇವಕ್ಕೆ ಅವುಗಳದೇ ಬೇರಿಂಗುಗಳು ಬೇಕು.

ಎಲ್ಲವೂ ಕೂತ ಮೇಲೆ ಚೈನಿನ ರೇಖೆಯನ್ನು ಅಳೆಯಬೇಕು. ಚೌಕಟ್ಟಿನ ಮಧ್ಯತಲದಿಂದ ಮುಂದಿನ ಎರಡು ಹಲ್ಲುಚಕ್ರಗಳ ನಡುಮಧ್ಯಕ್ಕೆ ರಸ್ತೆಯ ಸೈಕಲ್ಲಿನಲ್ಲಿ ರೂಢಿಯಾಗಿ ಬಂದ ದೂರ 43.5 ಮಿ.ಮೀ. ಚೌಕತುದಿಯ ಅಚ್ಚಿನಲ್ಲಿ 110ರ ಬದಲು 113 ಮಿ.ಮೀ. ಉದ್ದದ್ದನ್ನು ಹಾಕಿದರೆ ಎರಡೂ ಪಕ್ಕ ಸಮನಾಗಿ ಬೆಳೆಯುವುದರಿಂದ ಈ ದೂರ ಒಂದೂವರೆ ಮಿ.ಮೀ. ಹೆಚ್ಚುತ್ತದೆ. ಹೊಸ ಮಾದರಿಯ ಅಚ್ಚು ಕ್ರ್ಯಾಂಕಿಗೇ ಅಂಟಿಕೊಂಡಿರುವುದರಿಂದ ಅಂಥ ಹೊಂದಾಣಿಕೆಗೆ ಅಲ್ಲಿ ಎಡೆಯಿಲ್ಲ. ತಯಾರಕನು ಹೇಳಿದ ಬಿಲ್ಲೆಗಳನ್ನು ಹೇಳಿದ ಪಕ್ಕಕ್ಕೇ ಹಾಕಬೇಕು.